ಷೀಟು ಒಳಗಿದ್ದಾಗ

"ಏನೇ, ನಿಂತಲ್ಲೇ ನಿದ್ದೆ ಹೊಡೀತಿದ್ದೀಯಾ? ಅಂಚು ನೋಡು ಹೇಗೆ ಬರ್ತಿದೆ!"

ಅಕ್ಕ ಗಂಟಲು ಹರಿಯುವಂತೆ ಕೂಗಿದರೂ ಅದು ಇಸ್ತ್ರಿ ರೋಲರಿನ ಆಚೆಗೆ ಕೇಳಿಸಿತೋ ಇಲ್ಲವೋ. ನಡುವೆ ಆಳೆತ್ತರದ ಯಂತ್ರ, ಅದರ ಮೇಲೆ ತಗಡಿನ ಮುಚ್ಚಿಗೆ, ಸಂದಿಸಂದಿಯಿಂದ ಬುಸುಗುಡುವ ಹಬೆ. ಆಚೆ ನಿಂತ ತಂಗಿ ಒದ್ದೆ ಷೀಟಿನ ಒಂದು ಮೂಲೆ ಹಿಡಿದು ಒಳಕ್ಕೆ ಕೊಡಬೇಕು, ಈಚೆ ನಿಂತ ಅಕ್ಕ ಕಾದ ಷೀಟನ್ನು ಹಿಡಿದು ಮಡಿಸಬೇಕು. ಪೇಟೆಯ ದೊಡ್ಡ ಹೋಟೆಲುಗಳ ಹಾಸಿಗೆಯೆಲ್ಲ ಮಡಿಯಾಗುವುದು ಈ ಲಾಂಡ್ರಿಯ ಶೆಡ್ಡಿನಲ್ಲೇ. ಬೆಳಗಿನಿಂದ ಸಂಜೆಯವರೆಗೆ ಅಕ್ಕತಂಗಿಯರು ಒಂದೇ ಬಟ್ಟೆಯ ಎರಡು ತುದಿ ಹಿಡಿದಿದ್ದರೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

ಆದರೆ ಷೀಟು ಎಲ್ಲವನ್ನೂ ಹೇಳುತ್ತಿತ್ತು. ಕಿಟಕಿ ಕಡೆಯ ಅಂಚು ತಂಗಿಯದು, ಗೋಡೆ ಕಡೆಯದು ಅವಳ ಜೊತೆ ನಿಂತು ಷೀಟು ಕೊಡುವ ಉದ್ದಣ್ಣನದು. ತಂಗಿ ಗಂಡನ ಜೊತೆ ಜಗಳ ಮಾಡಿಕೊಂಡು ಬಂದ ದಿನ ಅವಳ ಅಂಚು ಬಿಗಿಯಾಗಿ, ಹೊಡೆಯಲು ಬಂದಂತೆ ಬರುತ್ತಿತ್ತು. ಮಗಳಿಗೆ ಜ್ವರ ಬಂದಿದ್ದರೆ ಸಡಿಲ. ಅಕ್ಕ ಮಧ್ಯಾಹ್ನ ಬುತ್ತಿ ಬಿಚ್ಚುವಾಗ, "ಏನಂತೆ ನಿನ್ನ ಗಂಡಂದು?" ಎಂದು ಕೇಳಿಬಿಡುತ್ತಿದ್ದಳು. ತಂಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಇವತ್ತು ಆ ಅಂಚು ನಡುಗುತ್ತಿತ್ತು. ನುಣ್ಣಗೆ ಬರಬೇಕಾದ ಬಟ್ಟೆಯಲ್ಲಿ ಸಣ್ಣ ಸಣ್ಣ ನಿರಿಗೆ.

ಕೈ ನಡುಗಿದರೆ ಸುಸ್ತು, ಸುಸ್ತಾದರೆ ಡಬ್ಬಿ. ಶೆಡ್ಡಿನವರಿಗೆಲ್ಲ ಗೊತ್ತಿದ್ದ ಔಷಧ ಅದೊಂದೇ. ಅಕ್ಕ ಬೆನ್ನ ಹಿಂದಿನ ಫ್ರಿಜ್ಜಿಗೆ ಕೈ ಹಾಕಿ ಎನರ್ಜಿ ಡ್ರಿಂಕಿನ ಒಂದು ಡಬ್ಬಿ ಎತ್ತಿದಳು. ಮೇಲೆ ಹಲ್ಲು ಕಿರಿದು ಓಡುವ ಕುದುರೆಯ ಚಿತ್ರ. ಎಲ್ಲರೂ ಅದನ್ನು ಕುದುರೆ ಎಂದೇ ಕರೆಯುತ್ತಿದ್ದರು. ಯಂತ್ರದ ಪಕ್ಕಕ್ಕೆ ಉದ್ದಕ್ಕೂ ಒಂದು ತಗಡಿನ ಕಾಲುವೆ ಇತ್ತು. ಅದರಲ್ಲಿ ಡಬ್ಬಿ ಉರುಳಿಸಿದರೆ ಗಡಗಡ ಸದ್ದು ಮಾಡುತ್ತ ಆಚೆ ತಲುಪುತ್ತಿತ್ತು. ಯಾರೂ ಜಾಗ ಬಿಡಬೇಕಾಗಿಲ್ಲ, ರೋಲರು ನಿಲ್ಲಬೇಕಾಗಿಲ್ಲ.

"ಕುದುರೆ ಬಿಟ್ಟೆ, ಹಿಡ್ಕೊಳ್ಳೇ!"

ಪಕ್ಕದಲ್ಲಿ ಇನ್ನೊಂದು ತುದಿ ಹಿಡಿದಿದ್ದ ದಪ್ಪಕ್ಕ ನಕ್ಕಳು. "ಬೆಳಗಿಂದ ಇದೆಷ್ಟನೇದು? ನಿನ್ನ ತಂಗಿ ಸಂಜೆ ಮನೆಗೆ ನಡ್ಕೊಂಡು ಹೋಗಲ್ಲ, ನಾಗಾಲೋಟದಲ್ಲಿ ಹೋಗ್ತಾಳೆ."

ಮೊದಲು ಈ ಶೆಡ್ಡಿನ ಮೂಲೆಯಲ್ಲಿ ಒಂದು ನೀರಿನ ಡ್ರಮ್ಮು ಇತ್ತು, ಸರಪಳಿಗೆ ಕಟ್ಟಿದ ಲೋಟವೂ ಇತ್ತು. ನೀರು ಚೆಲ್ಲಿ ನೆಲ ಜಾರುತ್ತದೆ, ಷೀಟಿಗೆ ಕಲೆಯಾಗುತ್ತದೆ ಎಂದು ಹೇಳಿ ಹೊಸ ಯಜಮಾನ ಅದನ್ನು ತೆಗೆಸಿದ. ಈಗ ನೀರು ಬೇಕೆಂದರೆ ಅಂಗಳ ದಾಟಿ, ಬಾಯ್ಲರ್ ಮನೆ ಸುತ್ತಿ, ಕಕ್ಕಸಿನ ಪಕ್ಕದ ನಲ್ಲಿಗೆ ಹೋಗಬೇಕು. ಹೋಗಲು ಶಿಳ್ಳೆಯ ಅಪ್ಪಣೆ ಬೇಕು. ಶಿಳ್ಳೆ ಎಂದರೆ ಸೂಪರ್‌ವೈಸರ್. ಕುತ್ತಿಗೆಯಲ್ಲಿ ಸೀಟಿ ನೇತುಹಾಕಿಕೊಂಡು ಓಡಾಡುವ ಆ ಮನುಷ್ಯ, ಬಾಯಾರಿಕೆ ಎಂದವರನ್ನು ಕಳ್ಳರನ್ನು ನೋಡಿದಂತೆ ನೋಡುತ್ತಿದ್ದ. ಡ್ರಮ್ಮು ಹೋದ ವಾರವೇ ಗಾಜಿನ ಬಾಗಿಲಿನ ಫ್ರಿಜ್ಜು ಬಂತು, ತುಂಬ ಕುದುರೆಗಳು. "ಬಿಟ್ಟಿ ಅಮ್ಮಾ, ಎಲ್ಲ ಬಿಟ್ಟಿ. ನೀವು ನಮ್ಮ ಮನೆಯವರಿದ್ದ ಹಾಗೆ," ಅಂದ ಯಜಮಾನ. ಆ ಡಬ್ಬಿಗಳ ಏಜೆನ್ಸಿ ಅವನ ಭಾವಮೈದುನನದು. ಅಂಗಡಿಯಲ್ಲಿ ಮಾರಾಟವಾಗದೆ ತಾರೀಖು ಮುಗಿಯಲು ಬಂದ ಮಾಲೆಲ್ಲ ಮನೆಯವರ ಹೊಟ್ಟೆಗೆ ಬರುತ್ತಿತ್ತು. ಎಂಥ ಧಾರಾಳಿ, ಪುಣ್ಯಾತ್ಮ!

ತಂಗಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ನಿದ್ದೆ ಇಲ್ಲದ್ದಕ್ಕೆ ಬೆಳಿಗ್ಗೆ ಸುಸ್ತು, ಸುಸ್ತಿಗೆ ಕುದುರೆ, ಕುದುರೆಗೆ ಮತ್ತೆ ನಿದ್ದೆ ಇಲ್ಲ. ರಜೆಯ ದಿನ ಡಬ್ಬಿ ಇಲ್ಲದಿದ್ದರೆ ತಲೆ ಸಿಡಿದು ಹೋಗುತ್ತದೆ ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದಳು. ಮಗಳು ಲೋಟ ಕೆಡವಿದರೂ ಸಾಕು, ಮೈಮೇಲೆ ಬಂದವಳಂತೆ ಕಿರುಚುತ್ತಿದ್ದಳು. ಮೊನ್ನೆ ಬಸ್ಸಿನಲ್ಲಿ, "ಅಕ್ಕಾ, ಎದೆಯೊಳಗೆ ಯಾರೋ ಓಡ್ತಾರೆ, ಗಕ್ಕಂತ ನಿಲ್ತಾರೆ, ಮತ್ತೆ ಓಡ್ತಾರೆ," ಅಂದಿದ್ದಳು.

"ಯಾರೇ ಅದು? ನಿನ್ನ ಗಂಡನಿಗೆ ಹೇಳ್ಲಾ?" ಎಂದು ಅಕ್ಕ ನಗಾಡಿದ್ದಳು. ತಂಗಿಯೂ ನಕ್ಕಿದ್ದಳು.

ಈಗ ಕಾಲುವೆಯ ಸದ್ದು ನಿಂತು ಸ್ವಲ್ಪ ಹೊತ್ತಾಗಿತ್ತು. ಅಂಚು ಇನ್ನೂ ನೇರವಾಗಿರಲಿಲ್ಲ. ಒಂದು ಷೀಟು ಬಂತು, ಇನ್ನೊಂದು ಬಂತು. ಮೂರನೆಯದು ಬರುಬರುತ್ತ ಕಿಟಕಿ ಕಡೆಯ ಅಂಚು ಒಮ್ಮೆಲೆ ಸೊಟ್ಟಗೆ ಎಳೆದುಕೊಂಡು, ಮುದುಡಿ, ಅಡ್ಡಾದಿಡ್ಡಿಯಾಗಿ ಹೊರಗೆ ತಲೆ ಹಾಕಿತು. ಆಚೆಯಿಂದ ಉದ್ದಣ್ಣ ಕಿರುಚಿದ.

"ಬಿದ್ಲು! ಅಯ್ಯೋ ಬಿದ್ಬಿಟ್ಲು! ಮೆಷಿನ್ ನಿಲ್ಸಿ!"

ರೋಲರಿನ ಉದ್ದಕ್ಕೂ ಎರಡು ಬದಿಗೂ ಕೆಂಪು ಹಗ್ಗ ಇದೆ. ಎಳೆದು ಹಿಡಿದಷ್ಟು ಹೊತ್ತು ಯಂತ್ರ ನಿಲ್ಲುತ್ತದೆ. ಆದರೆ ಷೀಟು ಒಳಗಿದ್ದಾಗ ಎಳೆಯಬಾರದು. ಎಳೆದರೆ ಷೀಟೂ ಸುಟ್ಟಿತು, ರೋಲರಿನ ಮೆತ್ತೆಯೂ ಸುಟ್ಟಿತು. ಕೆಲಸಕ್ಕೆ ಸೇರಿದ ದಿನ ಹೆಸರು ಕೇಳುವ ಮೊದಲೇ ಶಿಳ್ಳೆ ಹೇಳಿಕೊಡುವ ಪಾಠ ಅದು. ಈಗಲೂ ಅವನು ಸೀಟಿ ಊದುತ್ತ ಓಡಿಬಂದು ಕೂಗಿದ್ದು ಅದನ್ನೇ: "ಹಗ್ಗ ಮುಟ್ಬೇಡಿ! ಷೀಟು ಬರ್ಲಿ! ಮೊದ್ಲು ಷೀಟು ಹೊರಗೆ ಬರ್ಲಿ!"

ಷೀಟು ಬಂತು. ಅಕ್ಕನ ಕೈಗಳು ಅದನ್ನು ಹಿಡಿದವು. ಮೂಲೆಗೆ ಮೂಲೆ ಸೇರಿಸಿದವು, ಅರ್ಧಕ್ಕೆ ಮಡಿಸಿದವು, ಮತ್ತೆ ಅರ್ಧಕ್ಕೆ ಮಡಿಸಿದವು, ಅಂಗೈಯಿಂದ ಸವರಿ ಅಟ್ಟಿಯ ಮೇಲೆ ಇಟ್ಟವು. ಆಮೇಲೆ ಅವಳು ಓಡಿದಳು.

ತಂಗಿ ಒದ್ದೆ ಬಟ್ಟೆಯ ಗುಡ್ಡೆಗೆ ಒರಗಿ ಬಿದ್ದಿದ್ದಳು. ಕಣ್ಣು ಅರ್ಧ ತೆರೆದಿತ್ತು, ತುಟಿ ಬಿಳಿಚಿ ಒಡೆದಿತ್ತು. ಪಕ್ಕದಲ್ಲಿ ಡಬ್ಬಿ ಅಡ್ಡ ಬಿದ್ದು, ಹಳದಿ ನೊರೆ ನೆಲದ ಮೇಲೆ ಹರಿಯುತ್ತಿತ್ತು. ಮುಕ್ಕಾಲು ಕುಡಿದಿದ್ದಳು.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ, ಕೈಗೆ ಸೂಜಿ ಚುಚ್ಚಿ ಮಲಗಿಸಿದರು. ತಲೆಯ ಪಕ್ಕದ ಪರದೆಯಲ್ಲಿ ಹಸಿರು ಗೆರೆ ಒಂದೇ ಸಮನೆ ಎದ್ದುಬಿದ್ದು, ನಡುನಡುವೆ ದಾರಿ ತಪ್ಪುತ್ತಿತ್ತು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಆ ಗೆರೆಯನ್ನೇ ನೋಡುತ್ತಿದ್ದಳು. ಅವಳಿಗೆ ಅದು ಕಿಟಕಿ ಕಡೆಯ ಅಂಚಿನ ಹಾಗೇ ಕಂಡಿತು. ತಂಗಿಗೆ ಎಚ್ಚರವಾದಾಗ ಮೊದಲು ಕೇಳಿದ್ದು, "ಷೀಟು ಹಾಳಾಯ್ತಾ ಅಕ್ಕಾ?"

"ನಿನ್ನ ಷೀಟಿಗೆ ಬೆಂಕಿ ಬೀಳ!" ಅಂದಳು ಅಕ್ಕ. ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸಂಜೆಗೆ ಯಜಮಾನ ಬಂದ. ಹಣ್ಣಿನ ಚೀಲ, ಮುಖದ ತುಂಬ ಮರುಕ. ಹಿಂದೆ ಶಿಳ್ಳೆ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು.

"ಏನಮ್ಮಾ ಹೀಗೆ ಹೆದರಿಸ್ಬಿಟ್ರಿ! ತಿಂಡಿ ತಿನ್ದೆ ಬಂದಿದ್ರಾ? ಹೆಣ್ಮಕ್ಳು ನೀವು ಎಲ್ರಿಗೂ ಬಡಿಸ್ತೀರಿ, ನಿಮ್ಮ ಹೊಟ್ಟೆ ನೋಡ್ಕೊಳ್ಳಲ್ಲ." ಆಮೇಲೆ ದನಿ ತಗ್ಗಿಸಿದ. "ಡಾಕ್ಟ್ರು ಕೇಳಿದ್ರೆ ಹಾಗೇ ಹೇಳಿ. ತಿಂಡಿ ತಿಂದಿರ್ಲಿಲ್ಲ, ತಲೆ ಸುತ್ತು ಬಂತು ಅಂತ. ಡಬ್ಬಿ ಗಿಬ್ಬಿ ಅಂತೆಲ್ಲ ಯಾಕೆ? ನಾನು ಪ್ರೀತಿಯಿಂದ ಕೊಟ್ಟಿದ್ದು, ನಾಳೆ ಜನ ಏನೇನೋ ಮಾತಾಡ್ತಾರೆ. ನಿಮ್ಮ ಜಾಗ ಎಲ್ಲೂ ಹೋಗಲ್ಲ, ಹುಷಾರಾಗಿ ಬನ್ನಿ."

ತಂಗಿ ತಲೆಯಾಡಿಸಿದಳು. "ಆಯ್ತು ಸಾರ್."

ಅವನು ಚೀಲದೊಳಗೆ ಕೈ ಹಾಕಿ, ಹಣ್ಣುಗಳ ಅಡಿಯಿಂದ ಒಂದು ಡಬ್ಬಿ ತೆಗೆದು ಅಕ್ಕನ ಕಡೆ ಚಾಚಿದ. "ನೀವೂ ಆಗಿಂದ ಇಲ್ಲೇ ಕೂತಿದ್ದೀರಿ, ಮುಖ ಬಾಡಿಹೋಗಿದೆ. ತಗೊಳ್ಳಿ, ತಣ್ಣಗಿದೆ."

ಅಕ್ಕ ಡಬ್ಬಿಯನ್ನು ನೋಡಿದಳು. ಅವನ ಮುಖ ನೋಡಿದಳು. ಆ ಮುಖದಲ್ಲಿ ಕಪಟವೂ ಇರಲಿಲ್ಲ, ಅದೇ ಅವಳ ಮೈಗೆ ಬೆಂಕಿ ಹಚ್ಚಿತು. ಇವನಿಗೆ ನಿಜವಾಗಿಯೂ ಇದು ಉಪಕಾರ! ವೈರು ಸುತ್ತಿಕೊಂಡು ಬಿದ್ದವಳ ಮುಂದೆ ನಿಂತು ಅದೇ ಕುದುರೆಯನ್ನು ಚಾಚುತ್ತಾನೆ, ನಗುತ್ತಾನೆ! ಅವಳು ಡಬ್ಬಿಯನ್ನು ಈಸಿಕೊಂಡಳು. ತೆರೆಯದೆ ಮಡಿಲಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಕಣ್ಣಿನ ಸುತ್ತ ಕಪ್ಪು. ಚೀಟಿ ನೋಡುತ್ತಲೇ ಕೇಳಿದರು, "ದಿನಾ ಏನೇನು ಕುಡೀತೀರಿ?"

"ಟೀ, ಮೇಡಂ. ಬೆಳಿಗ್ಗೆ ಒಂದು ಲೋಟ," ಅಂದಳು ತಂಗಿ. "ಇವತ್ತು ತಿಂಡಿ ತಿಂದಿರ್ಲಿಲ್ಲ."

"ಬರೀ ಟೀ ಕುಡಿದ್ರೆ ಎದೆಬಡಿತ ಹೀಗೆ ಹಾದಿ ತಪ್ಪಲ್ಲಮ್ಮ. ನೆನಪು ಮಾಡ್ಕೊಂಡು ಹೇಳಿ, ಅದರ ಮೇಲೆ ಔಷಧಿ ಕೊಡ್ಬೇಕು ನಾನು."

ತಂಗಿ ಅಕ್ಕನ ಕಡೆ ನೋಡಿದಳು. ಬೇಡ ಎನ್ನುವ ನೋಟ. ಯಜಮಾನ ಗಂಟಲು ಸರಿಮಾಡಿಕೊಂಡ. ಅಕ್ಕ ಎದ್ದು ಆ ಡಬ್ಬಿಯನ್ನು ತಂಗಿಯ ಮಂಚದ ಮೇಲೆ, ಎಲ್ಲರ ಕಣ್ಣೆದುರು ಕುಕ್ಕಿದಳು.

"ಇದನ್ನ ಕುಡೀತಾಳೆ, ಮೇಡಂ. ದಿನಾ ಮೂರು, ಕೆಲಸ ಜಾಸ್ತಿ ಇದ್ರೆ ಇನ್ನೂ ಹೆಚ್ಚು. ನೀರು ಕುಡಿಯೋಕೆ ಬಿಡಲ್ಲ, ಇದನ್ನ ಕುಡೀರಿ ಅಂತಾರೆ. ಇವರೇ ನಮ್ಮ ಯಜಮಾನ್ರು. ತಿಂಡಿ ತಿಂದಿಲ್ಲ ಅಂತ ಹೇಳಿ ಅಂತ ಈಗ ಹೇಳಿಕೊಟ್ರು."

"ಅಲ್ಲಮ್ಮಾ, ನಾನೆಲ್ಲಿ..." ಎಂದ ಯಜಮಾನ.

ಡಾಕ್ಟರಮ್ಮ ಡಬ್ಬಿ ತಿರುಗಿಸಿ, ಸಣ್ಣ ಅಕ್ಷರ ಓದಿ, ಮಂಚದ ಮೇಲಿಂದ ಅದನ್ನು ದೂರ ಸರಿಸಿದರು. "ಒಂದೊಂದ್ರಲ್ಲೂ ಎರಡು ಲೋಟ ಗಟ್ಟಿ ಕಾಫಿಯಷ್ಟು ಕೆಫೀನು ಇದೆ, ಮೇಲೆ ಬೇಕಾದಷ್ಟು ಸಕ್ಕರೆ. ಆ ಸೆಕೆಯಲ್ಲಿ ಬೆವರು ಸುರಿಸಿ, ನೀರು ಕುಡಿಯದೆ, ಇದನ್ನ ಸುರ್ಕೊಂಡ್ರೆ ಎದೆ ಏನು ಮಾಡ್ಬೇಕು? ಕೈ ನಡುಗ್ತಿತ್ತಾ?"

"ನಡುಗ್ತಿತ್ತು," ಎಂದು ಅಕ್ಕನೇ ಉತ್ತರ ಕೊಟ್ಟಳು.

"ಅದು ಸುಸ್ತಲ್ಲ, ಇದರದ್ದೇ ಕೆಲಸ. ನಡುಗಿದಾಗ ಏನು ಮಾಡಿದ್ರಿ?"

"ಇನ್ನೊಂದು ಕೊಟ್ಟೆ," ಅಂದಳು ಅಕ್ಕ. "ನಾನೇ ಕೊಟ್ಟೆ."

ಡಾಕ್ಟರಮ್ಮ ಔಷಧಿ ಬರೆದರು, ಎರಡು ದಿನ ಇಲ್ಲೇ ಇರಬೇಕು, ಇನ್ನು ಮುಂದೆ ಇದನ್ನು ಮೂಸಿ ಕೂಡ ನೋಡಬಾರದು ಎಂದು ಹೇಳಿ ಹೊರಟರು. ಬಾಗಿಲಲ್ಲಿ ತಿರುಗಿ ಯಜಮಾನನನ್ನು ನೋಡಿ, "ನೀವು ಸ್ವಲ್ಪ ನನ್ನ ಕೋಣೆಗೆ ಬನ್ನಿ," ಅಂದರು. ಅವನು ಹಣ್ಣಿನ ಚೀಲವನ್ನು ಅಲ್ಲೇ ಬಿಟ್ಟು ಹಿಂದೆ ಹೋದ. ಶಿಳ್ಳೆ ಮಾತ್ರ ಉಳಿದು ಹಲ್ಲು ಕಡಿದ. "ದೊಡ್ಡ ಬಾಯಿ ನಿಂದು. ಆ ಬಾಯಿಗೆ ನಾಳೆ ಯಾರು ಅನ್ನ ಹಾಕ್ತಾರೋ ನೋಡೋಣ."

"ನೋಡೋಣ," ಅಂದಳು ಅಕ್ಕ.

ರಾತ್ರಿಯೆಲ್ಲ ಅವಳನ್ನು ತಿಂದದ್ದು ಶಿಳ್ಳೆಯ ಮಾತಲ್ಲ, ಯಜಮಾನನ ನಗುವೂ ಅಲ್ಲ. ಆ ಷೀಟು. ತಂಗಿ ಬಿದ್ದಳೆಂದು ಕಿವಿಗೆ ಬಿದ್ದ ಮೇಲೂ ಮೂಲೆಗೆ ಮೂಲೆ ಸೇರಿಸಿದ ಈ ಎರಡು ಕೈ. ಎಷ್ಟು ವರ್ಷ ತಿದ್ದಿ ತೀಡಿ ಇಂಥ ಕೈ ಮಾಡಿದ್ದಾರೆ! ಅವಳಿಗೆ ಅವನ್ನು ಕಡಿದು ಎಸೆಯುವಷ್ಟು ಸಿಟ್ಟು ಬಂತು. ಆಮೇಲೆ, ಕಡಿಯಬೇಕಾದದ್ದು ಕೈಯನ್ನಲ್ಲ ಅನ್ನಿಸಿತು.

ಬೆಳಿಗ್ಗೆ ತಂಗಿಯ ಗಂಡ ಆಸ್ಪತ್ರೆಗೆ ಬಂದ ಮೇಲೆ ಅಕ್ಕ ಮನೆಗೆ ಹೋಗಿ ಪ್ಲಾಸ್ಟಿಕ್ ಕೊಡ ತುಂಬಿಸಿ, ಸೊಂಟದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕಂಡಕ್ಟರು, "ಏನಮ್ಮ, ಮೆರವಣಿಗೆನಾ?" ಎಂದು ಕೇಳಿದ. "ಹೂಂ, ದಾರಿ ಬಿಡಪ್ಪ," ಅಂದಳು.

ಶೆಡ್ಡಿನೊಳಗೆ ಎಲ್ಲ ಎಂದಿನಂತೆ ನಡೆದಿತ್ತು. ತಂಗಿಯ ಜಾಗ ಖಾಲಿ. ಅಕ್ಕ ತನ್ನ ಕಡೆ ಹೋಗದೆ ಆ ಜಾಗದಲ್ಲೇ ನಿಂತು, ಕೊಡವನ್ನು ಬಟ್ಟೆಯ ಮೇಜಿನ ಮೇಲೆ ಇಟ್ಟಳು, ಪಕ್ಕದಲ್ಲಿ ಲೋಟ. ಉದ್ದಣ್ಣ ಕೊಡವನ್ನೂ ಅವಳನ್ನೂ ನೋಡಿ, ಏನೂ ಕೇಳದೆ ತನ್ನ ಮೂಲೆ ಹಿಡಿದ. ಷೀಟು ಒಳಕ್ಕೆ ಹೋಗತೊಡಗಿತು.

ಶಿಳ್ಳೆ ದೂರದಿಂದಲೇ ಸೀಟಿ ಊದಿದ. "ಏಯ್! ಆ ಕೊಡ ಆಚೆ ಇಡು! ಷೀಟಿನ ಮೇಲೆ ನೀರು ಬಿದ್ರೆ ನಿಮ್ಮಪ್ಪ ಕೊಡ್ತಾನಾ? ಬಾಯಾರಿದ್ರೆ ಫ್ರಿಜ್ಜಿಲ್ವಾ?"

ಅಕ್ಕ ಅವನು ಹತ್ತಿರ ಬರುವವರೆಗೂ ಕಾದಳು. ಷೀಟು ಅರ್ಧ ಒಳಗೆ, ಅರ್ಧ ಅವಳ ಕೈಯಲ್ಲಿ. ಕೈ ನಡುಗಲಿಲ್ಲ. ಅವಳು ಬಟ್ಟೆಯನ್ನು ಬಿಟ್ಟು ಕೆಂಪು ಹಗ್ಗ ಹಿಡಿದು ಎಳೆದಳು.

ರೋಲರು ನಿಂತಿತು. ಷೀಟು ಒಳಗಿದ್ದಾಗ ಅದು ನಿಂತದ್ದನ್ನು ಆ ಶೆಡ್ಡಿನಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರ ಕಿವಿ ತುಂಬಿದ್ದ ಸದ್ದು ಹೋಗಿ, ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು. ಶಿಳ್ಳೆಗೆ ಊದುವುದೂ ಮರೆತುಹೋಯಿತು. "ಷೀಟು! ಷೀಟು ಒಳಗಿದೆಯಲ್ಲೇ, ಹುಚ್ಚು ಮುಂಡೆ! ಬಿಡು ಹಗ್ಗ!"

"ಇರ್ಲಿ. ನಿನ್ನೆ ನನ್ನ ತಂಗಿ ನೆಲದ ಮೇಲಿದ್ಲು, ನೀನು ಷೀಟು ಬರ್ಲಿ ಅಂದೆ. ಇವತ್ತು ಷೀಟು ಕಾಯ್ಲಿ. ನಾವು ನೀರು ಕುಡೀತೀವಿ."

ಒಂದು ಕೈಯಲ್ಲಿ ಹಗ್ಗ ಹಿಡಿದೇ ಇನ್ನೊಂದು ಕೈಯಲ್ಲಿ ಕೊಡ ಬಗ್ಗಿಸಿ ಲೋಟ ತುಂಬಿಸಿದಳು. ಕುಡಿದಳು. ಅವಸರವಿಲ್ಲದೆ, ಗುಟುಕು ಗುಟುಕಾಗಿ, ಕೊನೆಯ ಹನಿಯವರೆಗೂ ಕುಡಿದಳು. ಮತ್ತೆ ತುಂಬಿಸಿ ಉದ್ದಣ್ಣನಿಗೆ ಚಾಚಿದಳು. ಅವನು ಶಿಳ್ಳೆಯ ಕಡೆ ನೋಡಿದ, ಒಂದು ಕ್ಷಣ ತಡೆದ, ಆಮೇಲೆ ಲೋಟ ಈಸಿಕೊಂಡ. ಯಂತ್ರದ ಆಚೆಯಿಂದ ದಪ್ಪಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಒಗೆಯುವ ಕಡೆಯವರೂ ಒಬ್ಬೊಬ್ಬರಾಗಿ ಕೈ ಒರೆಸಿಕೊಳ್ಳುತ್ತ ಹತ್ತಿರ ಸರಿದರು.

ಮುಚ್ಚಿಗೆಯ ಸಂದಿಯಿಂದ ಕಮರು ವಾಸನೆ ಬರತೊಡಗಿತು. ರೋಲರಿಗೆ ಸಿಕ್ಕಿಕೊಂಡ ಬಿಳಿಯ ಷೀಟಿನ ಮೇಲೆ, ಕಿಟಕಿ ಕಡೆಯ ಅಂಚಿನಿಂದ, ಕಂದು ಬಣ್ಣ ನಿಧಾನವಾಗಿ ಹರಡುತ್ತಿತ್ತು. ದಪ್ಪಕ್ಕ ಲೋಟ ಖಾಲಿ ಮಾಡಿ ಅಕ್ಕನ ಮುಂದೆ ಹಿಡಿದಳು.

"ಇನ್ನೊಂದು ಹಾಕೇ," ಅಂದಳು.