ಚಿಲಕದ ಮೇಲಿನ ಕೈ

ಮುಕ್ತಾಬಾಯಿಗೆ ಆ ಕಥೆಯ ಕೊನೆ ಗೊತ್ತಿರಲಿಲ್ಲ.

೧೯೮೫ರಲ್ಲಿ ಗಂಡನ ಹೊಡೆತ ತಾಳದೆ ಅವಳು ಕಂದಲಗಾಂವ ಬಿಟ್ಟು ಅಕ್ಕಲಕೋಟೆಯ ತವರಿಗೆ ಬಂದಿದ್ದಳು. ಟಿವಿಯಲ್ಲಿ ಪ್ರತಿ ಭಾನುವಾರ ಸಂಜೆ ‘ಗಲೀ ಕೇ ಘರ್’ ಎಂಬ ಹಿಂದಿ ಮಾಲಿಕೆ ಬರುತ್ತಿತ್ತು, ವಾರಕ್ಕೊಂದು ಕಥೆ. ಅವಳು ಬಂದ ವಾರದ್ದು ಅವಳದೇ ಕಥೆಯಂತಿತ್ತು. ಏಟು ತಿಂದು ತವರಿಗೆ ಬಂದ ಸೊಸೆಯನ್ನು ಕರೆದೊಯ್ಯಲು ಮಾವ ಬಂದು ಬಾಗಿಲು ಬಡಿಯುತ್ತಾನೆ. ಸೊಸೆ ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಅಷ್ಟರಲ್ಲಿ ಕರೆಂಟು ಹೋಯಿತು.

ಬೇರೆ ದಿನವಾಗಿದ್ದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಟಿವಿಗೆ ಹಚ್ಚುತ್ತಿದ್ದರು. ಅಂದು ಟ್ರ್ಯಾಕ್ಟರ್ ಇರಲಿಲ್ಲ. ಮುಕ್ತಾಬಾಯಿಯ ಮಾವನನ್ನು ಕರೆತರಲು ಅವಳ ತಮ್ಮ ಸಾತಲಿಂಗಪ್ಪ ಅದನ್ನು ಕಂದಲಗಾಂವಕ್ಕೆ ಒಯ್ದಿದ್ದ. ಮರುದಿನ ಅದರಲ್ಲೇ ಅವನ ಜೊತೆ ಅವಳನ್ನು ಗಂಡನ ಮನೆಗೆ ಕಳಿಸಿದರು.

೧೯೯೬ರಲ್ಲಿ ಒಂದು ಕೇಬಲ್ ಚಾನೆಲ್ ಆ ಮಾಲಿಕೆಯನ್ನು ಹೊಸದಾಗಿ ತೆಗೆಯಿತು. ಮೊದಲ ಕಥೆ ಅದೇ ಎಂದು ಕೇಳಿ ಮುಕ್ತಾಬಾಯಿ ಗಂಡನಿಗೆ ಹೇಳದೆ ಸೊಲ್ಲಾಪುರದ ಬಸ್ಸು ಹತ್ತಿದಳು. ಸಾತಲಿಂಗಪ್ಪ ಈಗ ಅಲ್ಲಿನ ನವಿ ಪೇಠದಲ್ಲಿದ್ದ. ಮನೆಯಲ್ಲಿ ಕಲರ್ ಟಿವಿ ಇತ್ತು.

ಹೊಸ ಕಥೆಯಲ್ಲಿ ಸೊಸೆ ಜರಿ ಸೀರೆ ಉಟ್ಟು ಅಳುತ್ತಿದ್ದಳು. ಮಾವ ಹೊಸ್ತಿಲಿಗೆ ಎಡವಿ ಬಿದ್ದಾಗ ಟಿವಿಯೊಳಗಿಂದ ಯಾರೋ ನಕ್ಕರು. ಕೈ ಚಿಲಕದ ಮೇಲೆ ಬಂತು. ಜಾಹೀರಾತು. ಮತ್ತೆ ಕೈ. ಬಾಗಿಲು ತೆರೆಯಿತು. ಹೊರಗೆ ಗಂಡ ವಾಷಿಂಗ್ ಮಶೀನಿಗೆ ರಿಬ್ಬನ್ ಕಟ್ಟಿ ನಿಂತಿದ್ದ. ಎಲ್ಲರೂ ಹಾಡಿದರು.

"ಭಾಳ ಛಂದ ಆತಲ್ರಿ ಆತ್ಯಾ!" ಎಂದಳು ಸಾತಲಿಂಗಪ್ಪನ ಮಗಳು ಗಾರ್ಗಿ.

"ಏನ್ ಛಂದ? ಅಂವಾ ಹೊಡದಿದ್ದ ಎಲ್ಲಿ ಹೋತ? ಮಶೀನಿನಾಗ ಹಾಕಿ ಒಗದರೇನು?"

"ಅಕ್ಕಾ, ಟಿವಿ ಅದು. ಮನೋರಂಜನ್. ಹಳೇದ್ರಾಗ ಬರೇ ಅಳೋದ ಇತ್ತು," ಎಂದ ಸಾತಲಿಂಗಪ್ಪ.

"ನೀ ಯಾವಾಗ ನೋಡಿದ್ಯೋ ಹಳೇದು? ನೀ ಬ್ಯಾಟರಿ ಸೈತ ತಗೊಂಡ ಹೋಗಿದ್ದಿ."

ಅವನು ರಿಮೋಟ್ ಹುಡುಕತೊಡಗಿದ.

"ಹಳೇದ್ರಾಗ ಆಕಿ ಬಾಗಲಾ ತಗದಳೋ, ಇಲ್ಲೋ? ಇಷ್ಟ ಮಂದಿ ಇದ್ದೀರಿ, ಒಬ್ಬರಿಗರೆ ಗೊತ್ತೈತೇನು?"

ಯಾರಿಗೂ ಗೊತ್ತಿರಲಿಲ್ಲ. ಅವನ ಹೆಂಡತಿ ಸುವರ್ಣಾ, "ಅಕ್ಕಾರ, ಚಾ ತಗೋರಿ," ಎಂದಳು.

"ಮುಂಜಾನೆ ಬಸ್ಸಿಗಿ ನಾನ ಬಿಡ್ತೀನಿ," ಎಂದ ಸಾತಲಿಂಗಪ್ಪ.

"ನೀ ಒಮ್ಮಿ ಬಿಟ್ಟಿದ್ದ ಸಾಕು. ನಾ ಎಲ್ಲೂ ಹೋಗೂದಿಲ್ಲ."

ಅವಳು ಬಾಯಿ ಒರೆಸಿಕೊಂಡಳು. ಹೋದದ್ದು ಹನ್ನೊಂದು ವರ್ಷ, ಎರಡು ಹಲ್ಲು, ಒಂದು ಕಥೆಯ ಕೊನೆ.