ಯಾಕೆ ಎಂದು ಕೇಳದ ಮೇಜು

ಕಚಕ್ — ಪಕ್ಕದ ಕೋಣೆಯಲ್ಲಿ ಬೈಂಡರು ಇನ್ನೊಂದು ಕಟ್ಟಿನ ಅಂಚು ಕತ್ತರಿಸಿದ, ಆ ಸದ್ದಿಗೆ ಅವಳ ಬಲಗೈ ತಾನಾಗಿಯೇ ಮೇಜಿನ ಕೆಳಗೆ ಸರಿದುಕೊಂಡಿತು, ಇಪ್ಪತ್ತಾರು ವರ್ಷದಿಂದ ಕೇಳಿದ ಸದ್ದು, ಅದಕ್ಕೀಗ ಬೆಚ್ಚಿಬೀಳುವುದೆಂದರೆ ನಗೆಪಾಟಲು, ಕೈ ಮೇಲಿಡು, ಪೆನ್ನು ಹಿಡಿ, ಗಂಟೆ ಹತ್ತೂಕಾಲು, ಹನ್ನೊಂದಕ್ಕೆ ದರ್ಜಿ ಹೆಂಗಸು ಬರುತ್ತಾಳೆ, ಅಷ್ಟರಲ್ಲಿ ವೆಬ್‌ಸೈಟಿನ ಒಂದು ಪುಟವಾದರೂ ಮುಗಿಯಲಿ. ಅಕ್ಕನ ಮಗಳು ಬೆನ್ನು ಹತ್ತಿದ್ದಾಳೆ, ಚಿಕ್ಕಮ್ಮ, ನೀವು ಬರೆದುಕೊಟ್ಟರೆ ಸಾಕು, ಕಟ್ಟೋದು ನಂಗೆ ಬಿಡಿ, ಈ ಕೆಲಸಕ್ಕೆ ಬರಬೇಕು ಅನ್ನೋರಿಗೆ ನಿಮ್ಮಂಥೋರು ಹೇಳದಿದ್ದರೆ ಇನ್ಯಾರು ಹೇಳ್ತಾರೆ. ಐದು ಪುಟ. ನಾನು ಯಾರು, ರೆಫರೆನ್ಸ್ ಗ್ರಂಥಪಾಲಕಿ ಆದದ್ದು ಹೇಗೆ, ನಮ್ಮ ಮೇಜಿನ ನಿಯಮಗಳು, ನಾನು ಪತ್ತೆ ಹಚ್ಚಿದ ಅತಿ ಕಷ್ಟದ ಪ್ರಶ್ನೆ, ಐದನೆಯದು ಬರೀ ಒಂದು ಖಾಲಿ ಚೌಕ — ನಿಮ್ಮ ಪ್ರಶ್ನೆ ಇಲ್ಲಿ ಬರೆಯಿರಿ. ನಾಲ್ಕನೆಯದರ ಎದುರು ಹನ್ನೊಂದು ತಿಂಗಳ ಹಿಂದೆ ಅವಳೇ ಬರೆದುಕೊಂಡ ಸಾಲು ಇನ್ನೂ ಇದೆ, ದರ್ಜಿಯ ವಿಳಾಸ, ನಲವತ್ತು ನಿಮಿಷ, ಪಕ್ಕದಲ್ಲಿ ಒಂದು ನಕ್ಷತ್ರ ಬೇರೆ, ಆ ನಕ್ಷತ್ರ ಬಿಡಿಸಿದ ಕೈಗೆ ಒಂದು ಏಟು ಬಿಗಿಯಬೇಕು. ಹೊಡೆದು ಹಾಕು ಆ ಸಾಲನ್ನು, ಹೊಡೆದು ಹಾಕಿದಳು, ಪೆನ್ನಿನ ಮೊನೆ ಕಾಗದ ಹರಿದು ಕೆಳಗಿನ ಹಾಳೆಗೂ ಇಳಿಯಿತು.

ಆ ವಿಳಾಸ ಕೇಳಿಕೊಂಡು ಅವನು ಬಂದಾಗ ಮೇಜಿನ ಮುಂದೆ ಯಾರೂ ಇರಲಿಲ್ಲ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ದನಿ, ಒಬ್ಬರ ವಿಳಾಸ ಬೇಕಿತ್ತು ಮೇಡಂ, ಹೊಲಿಗೆ ಮಾಡ್ತಾರೆ, ಊರು ಬಿಟ್ಟಿದಾರೆ, ಹೆಸರು ಬರೆದ, ತಂದೆ ತಾಯಿಯ ಹೆಸರು ಬರೆದ, ಕುಡಿದು ತೂರಾಡುತ್ತ ಬಂದಿದ್ದರೆ ಹೊರಗೆ ಕಳಿಸಬಹುದಿತ್ತು, ಕೂಗಾಡಿದ್ದರೆ ಕಾವಲುಗಾರನನ್ನು ಕರೆಯಬಹುದಿತ್ತು, ಹಾಳಾದವನು ಕೈಕಟ್ಟಿ ನಿಂತಿದ್ದ. ಯಾಕೆ ಬೇಕು ಎಂದು ಅವಳು ಕೇಳಲಿಲ್ಲ. ಕೇಳಬಾರದು, ಅದೇ ಮೊದಲ ನಿಯಮ, ಓದುಗನಿಗೆ ಏನು ಬೇಕು ಎಂದು ಎಷ್ಟು ಬೇಕಾದರೂ ಕೇಳು, ಯಾಕೆ ಬೇಕು ಎಂದು ಮಾತ್ರ ಕೇಳಬೇಡ, ಅವಳ ಕೈಕೆಳಗೆ ಪಳಗಿದ ಹದಿನಾಲ್ಕು ಜನಕ್ಕೂ ಅದನ್ನೇ ಅರೆದು ಕುಡಿಸಿದ್ದಾಳೆ. ದೂರವಾಣಿ ಪುಸ್ತಕದಲ್ಲಿ ಇರಲಿಲ್ಲ, ದರ್ಜಿಗಳ ಸಂಘದ ಪಟ್ಟಿಯಲ್ಲೂ ಇರಲಿಲ್ಲ, ಬೇರೆಯವರಾಗಿದ್ದರೆ ಅಲ್ಲಿಗೇ ಕೈ ಚೆಲ್ಲುತ್ತಿದ್ದರು, ಅವಳಿಗೆ ಹಟ. ಹೆಂಗಸು ಊರು ಬಿಟ್ಟವಳು ಗಂಡನ ಮನೆಯ ಹೆಸರು ಯಾಕೆ ಇಟ್ಟುಕೊಂಡಾಳು, ತವರಿನ ಹೆಸರಲ್ಲಿ ನೋಡು, ತವರಿನ ಹೆಸರಲ್ಲೂ ಇಲ್ಲ, ತಾಯಿಯ ಹೆಸರಲ್ಲಿ ನೋಡು — ಸಿಕ್ಕಿತು, ಯಾವುದೋ ಹೊಲಿಗೆ ತರಬೇತಿ ಕೇಂದ್ರದ ಸ್ಮರಣ ಸಂಚಿಕೆ, ಪುಟ ನೂರ ಹದಿನಾಲ್ಕು, ಸ್ವಂತ ಅಂಗಡಿ ತೆರೆದ ಹಳೆಯ ವಿದ್ಯಾರ್ಥಿನಿಯರು, ಬೀದಿ, ಬಾಗಿಲ ಸಂಖ್ಯೆ ಸಮೇತ. ಅಷ್ಟು ಯೋಚಿಸಿದಳಲ್ಲ, ಹೆಂಗಸು ಗಂಡನ ಹೆಸರು ಕಿತ್ತು ಹಾಕಿದ್ದಾಳೆ ಎಂಬವರೆಗೂ ಯೋಚಿಸಿದಳಲ್ಲ, ಅದರಾಚೆ ಒಂದು ಹೆಜ್ಜೆ ಯೋಚಿಸಲಿಲ್ಲ. ಚೀಟಿ ಬರೆದಳು, ಎಂದಿನಂತೆ ಪ್ರಶ್ನೆ, ಉತ್ತರ, ಆಕರ, ಕೆಳಗೆ ಸಹಿ, ಮೇಲಿನ ಹಾಳೆ ಅವನಿಗೆ, ಕಾರ್ಬನ್ ಪ್ರತಿ ಡ್ರಾಯರಿಗೆ. ತುಂಬಾ ಉಪಕಾರ ಆಯ್ತು ಮೇಡಂ ಅಂದ, ಚೀಟಿಯನ್ನು ಎರಡು ಸಲ ಮಡಚಿ ಜೇಬಿಗಿಟ್ಟ, ಅವಳು ಅಂದು ಮಧ್ಯಾಹ್ನ ಅಕ್ಕನ ಮಗಳಿಗೆ ಫೋನು ಮಾಡಿ, ಇಂಥವನ್ನೆಲ್ಲ ಎಲ್ಲಾದರೂ ಬರೆದಿಡಬೇಕು ಕಣೇ ಎಂದು ಹಿಗ್ಗಿದಳು. ವೆಬ್‌ಸೈಟ್ ಹುಟ್ಟಿದ್ದು ಹಾಗೆ. ಮೂರನೆಯ ದಿನ ಪತ್ರಿಕೆಯ ಒಳಪುಟದಲ್ಲಿ ಸುದ್ದಿ.

ದರ್ಜಿಯ ಗಂಡನೇ ಅವನು, ಬಾಗಿಲು ಒದ್ದು ನುಗ್ಗಿದನಂತೆ, ಕೈಯಲ್ಲಿ ಮಚ್ಚು, ಅವಳು ಮಷೀನಿನ ಮುಂದೆ ಯಾರದೋ ಮಗುವಿನ ಫ್ರಾಕು ಹೊಲಿಯುತ್ತಿದ್ದಳಂತೆ, ಜುಟ್ಟು ಹಿಡಿದು ಮುಖವನ್ನು ಮಷೀನಿಗೆ ಜಜ್ಜಿದ, ಮುಂದಿನ ಎರಡು ಹಲ್ಲು ಅಲ್ಲೇ ಉದುರಿದವು, ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಹೊಲಿದು ಬದುಕ್ತೀಯಾ, ಎಲ್ಲಿ, ಈಗ ಹೊಲಿ ನೋಡೋಣ ಎಂದು — ಪತ್ರಿಕೆಯವರಿಗೂ ಒಂದು ಮಿತಿ ಬೇಡವೇ, ಆ ಮಾತನ್ನೂ ಅಚ್ಚು ಹಾಕಿದ್ದರು. ಉಳಿದದ್ದು ಹೆಬ್ಬೆರಳು, ಕಿರುಬೆರಳು, ನಡುವೆ ಮೇಜು. ಪೊಲೀಸರು ಗ್ರಂಥಾಲಯಕ್ಕೆ ಬರಲೇ ಇಲ್ಲ, ವಿಳಾಸ ಯಾರು ಕೊಟ್ಟರು ಎಂದು ಅವನು ಬಾಯಿ ಬಿಡಲಿಲ್ಲ, ಕೊಟ್ಟವಳೂ ಬಿಡಲಿಲ್ಲ, ಹನ್ನೊಂದು ತಿಂಗಳು, ವಾರ್ಷಿಕ ವರದಿಯಲ್ಲಿ ಉತ್ತರಿಸಿದ ಪ್ರಶ್ನೆಗಳ ಮೊತ್ತಕ್ಕೆ ಅದೂ ಒಂದಾಗಿ ಸೇರಿಕೊಂಡಿತು, ಮೇಲಧಿಕಾರಿ ಬೆನ್ನು ತಟ್ಟಿದರು. ಎಷ್ಟು ಸಲ ಕೊಂದಿದ್ದಾಳೆ ಅವನನ್ನು, ಇದೇ ಕುರ್ಚಿಯಲ್ಲಿ ಕೂತು, ಇದೇ ಮಹಾಕೋಶದ ಮೂರನೆಯ ಸಂಪುಟ ಎತ್ತಿ ನೆತ್ತಿಯ ಮೇಲೆ, ಒಂದು ಏಟಿಗೆ ಮಂಡಿಯೂರುತ್ತಾನೆ, ಎರಡನೆಯದಕ್ಕೆ ಕಿವಿಯಲ್ಲಿ ರಕ್ತ, ಮೂರನೆಯದು ಸುಮ್ಮನೆ, ತನ್ನ ಸಮಾಧಾನಕ್ಕೆ, ಆದರೆ ಪ್ರತಿ ಸಲವೂ ಬಿದ್ದವನ ಜೇಬಿಂದ ಆ ಚೀಟಿ ಇಣುಕುತ್ತದೆ, ಅದರಲ್ಲಿ ತನ್ನ ದುಂಡು ಅಕ್ಷರ. ಹೋದ ಶುಕ್ರವಾರ ದರ್ಜಿ ಹೆಂಗಸು ಬಂದು ಇದೇ ಮೇಜಿನ ಮುಂದೆ ಕೂತಳು, ಮೊಕದ್ದಮೆಗೆ ಅಂತ ಊರಿಗೆ ಬಂದಿದ್ದಾಳೆ, ಆಸ್ಪತ್ರೆಯ ನರ್ಸು ಹೇಳಿದರಂತೆ, ಅಲ್ಲಿ ಏನು ಕೇಳಿದರೂ ಹುಡುಕಿಕೊಡ್ತಾರೆ ಅಂತ. ಅವಳ ಹೊಸ ಹೆಸರು, ಹೊಸ ಊರು ಗೊತ್ತಿದ್ದದ್ದು ತಂಗಿ ಒಬ್ಬಳಿಗೇ. ಅವಳೇ ಬಾಯಿಬಿಟ್ಟಿರಬೇಕು ಎಂದು ಆಸ್ಪತ್ರೆಯ ಹಾಸಿಗೆಯಲ್ಲೇ ಎಡಗೈಯಲ್ಲಿ ಕೆನ್ನೆಗೆ ಬಾರಿಸಿ, ಮುಖಕ್ಕೆ ಉಗಿದು ಕಳಿಸಿದ್ದಾಳೆ, ಆಮೇಲೆ ಮಾತಿಲ್ಲ ಕತೆಯಿಲ್ಲ, ತಂಗಿ ಆಣೆ ಮಾಡಿ ಕಾಗದ ಬರೆಯುತ್ತಾಳೆ, ಇವಳು ಒಡೆಯದೆ ಒಲೆಗೆ ಹಾಕುತ್ತಾಳೆ. ಈಗೀಗ ಅನುಮಾನ. ಎಲ್ಲಾದ್ರೂ ಅಚ್ಚಾಗಿದೆಯಾ ನೋಡಿ ಮೇಡಂ, ನನ್ನ ವಿಳಾಸ, ಅಚ್ಚಾಗಿದ್ರೆ ನನ್ನ ತಂಗಿ ಹೇಳಿಲ್ಲ ಅಂತಾಗುತ್ತೆ. ಸೋಮವಾರ ಹನ್ನೊಂದಕ್ಕೆ ಬನ್ನಿ ಅಂದಳು ಗ್ರಂಥಪಾಲಕಿ, ಮುಖ ನೋಡದೆ, ಕೈ ನೋಡುತ್ತ.

ಹೋಗಲಿ, ಎರಡನೆಯ ಪುಟ ಬರಿ, ಅದು ಸುಲಭ, ಅದು ಬಾಯಿಪಾಠ. ನಾನು ಗ್ರಂಥಪಾಲಕಿ ಆದದ್ದು ಅಪ್ಪನ ಬೆತ್ತದಿಂದ. ಹಾಗೆ ಬರೆಯಲಾದೀತೇ, ಅಕ್ಕ ಏನಂದಾಳು, ಅಕ್ಕನಿಗೆ ಈಗಲೂ ಅಪ್ಪ ಎಂದರೆ ಶಿಸ್ತು, ಊರಿಗೆಲ್ಲ ಡ್ರಿಲ್ ಮಾಸ್ತರು, ಸೀಟಿ ಊದಿದರೆ ನಾಲ್ಕುನೂರು ಮಕ್ಕಳು ಸಾಲು ನಿಲ್ಲುತ್ತಿದ್ದರು, ಮನೆಯಲ್ಲಿ ಸೀಟಿಯೂ ಬೇಡ, ಚಪ್ಪಲಿ ಬಿಡುವ ಸದ್ದಿಗೇ ಅಮ್ಮ ಕೈಯ ಪಾತ್ರೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. ತಪ್ಪು ಇರಲಿ ಇಲ್ಲದಿರಲಿ, ಬೆತ್ತ ಮುರಿದರೆ ಬೆಲ್ಟು. ಹನ್ನೆರಡು ವರ್ಷದವಳು, ಕೆಳತುಟಿ ಸೀಳಿತ್ತು, ಓಡಿ ಓಡಿ ಹೊಕ್ಕದ್ದು ಈ ಗ್ರಂಥಾಲಯ, ಮಕ್ಕಳಿಗೆ ಪ್ರವೇಶವಿಲ್ಲದ ಈ ವಿಭಾಗ, ಮೇಜಿನ ಹಿಂದೆ ನಿಘಂಟಜ್ಜ, ಎಲ್ಲರೂ ಹಾಗೇ ಕರೆಯುತ್ತಿದ್ದರು. ತುಟಿ ಏನಾಯಿತು ಅನ್ನಲಿಲ್ಲ, ಯಾರ ಮಗಳು ಅನ್ನಲಿಲ್ಲ, ಒದ್ದೆ ಕರವಸ್ತ್ರ ಕೊಟ್ಟು, ಯಾವ ಪದ ಬೇಕು ಮಗಳೇ ಅಂದರು. ಯಾರೂ ಏನೂ ಕೇಳದ ಜಾಗ ಭೂಮಿಯ ಮೇಲೆ ಒಂದಿದೆ ಎಂದು ಅವಳಿಗೆ ಗೊತ್ತಾದದ್ದು ಅಂದು, ಆಮೇಲೆ ದಿನಾ ಬಂದಳು, ಬಂದು ಇಲ್ಲೇ ಉಳಿದಳು, ಕೊನೆಗೆ ಅವರ ಕುರ್ಚಿಯಲ್ಲೇ ಕೂತಳು. ಕೇಳದೇ ಇರೋದೂ ಒಂದು ಮರ್ಯಾದೆ ಮಗಳೇ, ಅಂದಿದ್ದರು, ಮೂರನೆಯ ಪುಟಕ್ಕೆ ಈ ಮಾತು ಚೆನ್ನಾಗಿ ಕೂರುತ್ತದೆ, ದಪ್ಪ ಅಕ್ಷರದಲ್ಲಿ ಹಾಕಿಸಬೇಕು. ಗಂಟೆ ಹತ್ತು ನಲವತ್ತು.

ಆ ರಕ್ತದ ಕಲೆಯನ್ನೂ ಬರೆಯಬೇಕು, ಕೋಶದ ಒಂದನೆಯ ಸಂಪುಟದಲ್ಲಿ ಈಗಲೂ ಕಂದುಬಣ್ಣಕ್ಕೆ ಉಳಿದಿದೆ, ನಿಘಂಟಜ್ಜನ ಮೂಗಿನ ರಕ್ತ, ಅಪ್ಪ ಹುಡುಕಿಕೊಂಡು ಇಲ್ಲಿಗೂ ಬಂದಿದ್ದನಲ್ಲ ಆವತ್ತು, ಅವಳು ಅಟ್ಲಾಸುಗಳ ಕಪಾಟಿನ ಹಿಂದೆ ಮುದುಡಿದ್ದಳು, ನನ್ನ ಮಗಳು ಇಲ್ಲಿ ಬರ್ತಾಳಂತಲ್ಲ, ಎಲ್ಲಿ ಅವಳು ಎಂದ ಅಪ್ಪ, ಅಜ್ಜ ಕನ್ನಡಕ ಸರಿ ಮಾಡಿಕೊಂಡರು, ಆಮೇಲೆ ಕೊರಳಪಟ್ಟಿ ಹಿಡಿದದ್ದು, ಗುದ್ದಿದ್ದು, ಕನ್ನಡಕ ಪುಡಿಯಾದದ್ದು, ತೆರೆದಿಟ್ಟ ಪುಟದ ಮೇಲೆ ತೊಟ್ಟು ತೊಟ್ಟಾಗಿ ರಕ್ತ, ಅಜ್ಜ ಕಪಾಟಿನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ — ತಾಳು. ಕನ್ನಡಕ ಸರಿ ಮಾಡಿಕೊಂಡು ಏನೋ ಅಂದರು. ಅಂದದ್ದಕ್ಕೇ ಅಪ್ಪ ಹೊಡೆದದ್ದು, ಸುಮ್ಮನೆ ಇದ್ದವರನ್ನು ಹೊರಗಿನವರ ಎದುರು ಹೊಡೆಯುವಷ್ಟು ದಡ್ಡನಲ್ಲ ಅಪ್ಪ. ಎಲ್ಲಿ ಅವಳು ಎಂದ, ಅಜ್ಜ ಅಂದರು — ಮೂವತ್ತೆಂಟು ವರ್ಷ ಆ ರಕ್ತವನ್ನು ಜೋಪಾನ ಮಾಡಿಟ್ಟುಕೊಂಡವಳು ಆ ಒಂದು ಮಾತನ್ನು ಎಲ್ಲಿ ಬೀಳಿಸಿಕೊಂಡಳು — ಯಾಕೆ ಬೇಕಿತ್ತು ಅವಳು. ಹಾಗೆಯೇ ಕೇಳಿದರು, ಮೆತ್ತಗೆ, ಯಾಕೆ ಬೇಕಿತ್ತು, ಅಪ್ಪನ ಉತ್ತರ ಮುಷ್ಟಿ. ನಿಯಮ ಹೇಳಿಕೊಟ್ಟವರೇ ನಿಯಮ ಮುರಿದು ಮೂಗು ಮುರಿಸಿಕೊಂಡರು, ಅವಳಿಗಾಗಿ, ಅವಳು ನಿಯಮವನ್ನಷ್ಟೇ ಕಲಿತಳು. ನೀರು ಕುಡಿಯಲು ಲೋಟ ಎತ್ತಿದಳು, ನೀರು ಪಟ್ಟಿಯ ಮೇಲೆ ಚೆಲ್ಲಿ ಐದೂ ಪುಟಗಳ ಶಾಯಿ ಹರಡಿತು, ಒರೆಸಲಿಲ್ಲ.

ಸ್ಮರಣ ಸಂಚಿಕೆಯೊಂದನ್ನೇ ಕೊಟ್ಟರೂ ಆಯಿತಲ್ಲ, ಪುಟ ನೂರ ಹದಿನಾಲ್ಕು, ನೋಡಿ, ಅಚ್ಚಾಗಿದೆ, ನಿಮ್ಮ ತಂಗಿಯ ತಪ್ಪಿಲ್ಲ, ಪ್ರಶ್ನೆಗೆ ಉತ್ತರ ಸಿಕ್ಕಿತು, ಸುಳ್ಳೂ ಅಲ್ಲ, ಅಕ್ಕತಂಗಿಯರು ಒಂದಾಗುತ್ತಾರೆ, ಕೆಲಸ ಉಳಿಯುತ್ತದೆ, ವೆಬ್‌ಸೈಟೂ ಆಗುತ್ತದೆ, ಮೇಜಿನ ಮೇಲೆ ಸಂಚಿಕೆ ತೆರೆದಿಟ್ಟಳು, ಡ್ರಾಯರು ಮುಚ್ಚಿದಳು, ಮತ್ತೆ ತೆರೆದಳು, ಕಾರ್ಬನ್ ಪ್ರತಿಗಳ ಕಟ್ಟು, ದಾರ ಬಿಚ್ಚಲು ಉಗುರು ಕಿತ್ತುಕೊಂಡಳು. ಹನ್ನೊಂದಕ್ಕೆ ಸರಿಯಾಗಿ ಬಂದಳು ದರ್ಜಿ, ಕೂತಳು, ಕೈಚೀಲವನ್ನು ಎಡಗೈಯಲ್ಲಿ ತೊಡೆಯ ಮೇಲಿಟ್ಟುಕೊಂಡಳು, ಬಲಗೈ ಮೇಜಿನ ಮೇಲೆ. ಪುಟ ನೂರ ಹದಿನಾಲ್ಕನ್ನು ಓದಿದಳು, ತುಟಿ ಆಡಿಸುತ್ತ, ಮುಂದಿನ ಹಲ್ಲಿಲ್ಲದ ಬಾಯಿ, ತಂಗಿಯ ಹೆಸರು ಹಿಡಿದು ಒಂದು ಸಲ ಕರೆದಳು, ಪಕ್ಕದಲ್ಲೇ ಕೂತಿದ್ದಾಳೇನೋ ಅನ್ನುವಂತೆ. ಕಣ್ಣೊರೆಸಿಕೊಂಡು ಎದ್ದುಹೋಗುತ್ತಾಳೆ ಅಂದುಕೊಂಡರೆ ಏಳಲಿಲ್ಲ, ಆದ್ರೆ ಮೇಡಂ, ಅವನು ಪುಸ್ತಕ ಮುಟ್ಟಿದೋನಲ್ಲ, ಇದು ಅವನ ಕಣ್ಣಿಗೆ ಹೇಗೆ ಬಿತ್ತು. ಗ್ರಂಥಪಾಲಕಿಯ ಕೈ ಆ ಚೀಟಿಯ ಕಾರ್ಬನ್ ಪ್ರತಿಯನ್ನು ಮುಂದೆ ಸರಿಸಿತು, ಬಾಯಿ ಆಮೇಲೆ ತೆರೆಯಿತು, ಅವನ ಕಣ್ಣಿಗೆ ಬೀಳಲಿಲ್ಲಮ್ಮ, ನಾನು ಹುಡುಕಿಕೊಟ್ಟೆ, ಇದೇ ಜಾಗದಲ್ಲಿ ನಿಂತಿದ್ದ, ಇದು ನನ್ನ ಅಕ್ಷರ, ಇದು ನನ್ನ ಸಹಿ. ಹೊಡೆಯಲಿ, ಎಡಗೈ ಗಟ್ಟಿಯಿದೆ, ತಂಗಿಗೆ ಬಿದ್ದ ಏಟು ತನಗೆ ಬೀಳಬೇಕಾದದ್ದು, ಕೆನ್ನೆ ಮುಂದೆ ಮಾಡಿಯೇ ಕೂತಳು, ಉಗಿಯಲಿ, ಕೂಗಲಿ, ಓದುತ್ತಿರುವವರೆಲ್ಲ ತಲೆ ಎತ್ತಲಿ. ದರ್ಜಿ ಹೊಡೆಯಲಿಲ್ಲ. ಚೀಟಿ ಹಾರದಂತೆ ಬಲಗೈಯಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ಓದಿದಳು, ಪ್ರಶ್ನೆ, ಉತ್ತರ, ಆಕರ.

ಆಮೇಲೆ ಕೇಳಿದಳು, ಯಾಕೆ ಬೇಕು ಅಂತ ಒಂದು ಮಾತು ಕೇಳಲಿಲ್ವಾ ನೀವು. ಉತ್ತರಕ್ಕೆ ಗ್ರಂಥಪಾಲಕಿಯ ಮನಸ್ಸು ಎಂದಿನ ಹಾಗೆ ಓಡಿತು, ಕಪಾಟಿಗೆ, ಪಟ್ಟಿಗೆ, ನಿಯಮಕ್ಕೆ, ಅಜ್ಜನಿಗೆ, ತಿರುಗಿ ಇದೇ ಮೇಜಿಗೆ ಬಂತು, ಎದುರಿಗೆ ಚೀಟಿ, ಚೀಟಿಯ ಮೇಲೆ ಕೈ, ಹೆಬ್ಬೆರಳು, ಕಿರುಬೆರಳು, ನಡುವೆ ಅವಳ ಸಹಿ.