ಓಡೋ ಮಗನೇ

ಸೈಕಲ್ ರಿಪೇರಿ ಮಾಡುವ ಅಪ್ಪನಿಗೆ ಇದ್ದವಳು ಒಬ್ಬಳೇ ಮಗಳು. ಮುದ್ದಿನಿಂದ ಅವಳನ್ನು ಯಾವಾಗಲೂ ಬಾರೋ, ಹೋಗೋ ಎಂದೇ ಕರೆಯುತ್ತಿದ್ದ. ಹೆಣ್ಣುಮಗುವಿಗೆ ಇದೆಂಥ ಮಾತು, ನಾಳೆ ಬೀಗರ ಮುಂದೆಯೂ ಹೀಗೇ ಕೂಗಿ ಮಾನ ಕಳೆಯುತ್ತೀರಾ ಎಂದು ಅಮ್ಮ ಗದರಿದರೆ ಅಪ್ಪ ಮಗಳಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮುದ್ದಿಗೆಲ್ಲಿಯ ವ್ಯಾಕರಣ!

ಮಗಳು ಓಟಗಾರ್ತಿಯಾದಳು. ದೇಶದ ತಂಡಕ್ಕೆ ಆಯ್ಕೆಯ ಓಟ. ಕೊನೆಯ ತಿರುವಿನಲ್ಲಿ ಅಪ್ಪ ಎದ್ದು ನಿಂತು ಗಂಟಲು ಹರಿಯುವ ಹಾಗೆ "ಓಡೋ ಮಗನೇ!" ಎಂದು ಕೂಗಿದ. ಅವಳು ಎಲ್ಲರನ್ನೂ ಹಿಂದೆ ಹಾಕಿ ಗೆದ್ದಳು. ಸೋತ ಹುಡುಗಿಯ ಕೋಚು, ಹೆತ್ತ ಅಪ್ಪನೇ ಮಗನೇ ಅಂತಾನಲ್ಲ ಎಂದು ಎಲ್ಲರಿಗೂ ಕೇಳುವಂತೆ ನಕ್ಕ, ಆಮೇಲೆ ಹೋಗಿ ಇವಳು ಹುಡುಗಿಯೇ ಅಲ್ಲ ಎಂದು ದೂರು ಕೊಟ್ಟ. ಅವನ ನಾಲಿಗೆ ಸೇದಿಹೋಗಲಿ.

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಹುಟ್ಟಿನಿಂದಲೇ ನಿನ್ನ ಒಳಗಿನ ರಚನೆ ಬೇರೆ ಹೆಂಗಸರಂತಿಲ್ಲ, ಗಂಡಸರ ಹಾರ್ಮೋನು ಜಾಸ್ತಿಯಿದೆ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ನೀನು ಹುಡುಗಿಯೇ, ಇದರಲ್ಲಿ ನಿನ್ನ ತಪ್ಪೇನಿಲ್ಲ ಎಂದರು. ಹಾಗಾದರೆ ಓಡಲೇ ಎಂದು ಅವಳು ಕೇಳಿದಳು. ಹೆಂಗಸರ ಓಟದಲ್ಲಿ ಇನ್ನು ಆಗದು, ನಿಯಮ ಹಾಗಿದೆ ಎಂದರು. ಗಂಡಸರ ಜೊತೆ ಓಡಿದರೆ ಅವಳಿಗೆ ಕೊನೆಯ ಜಾಗವೇ ಗತಿ. ಓಟವೊಂದು ಬಿಟ್ಟರೆ ಅವಳಿಗೆ ಬೇರೇನೂ ಗೊತ್ತಿರಲಿಲ್ಲ.

ನೇರ ಅಂಗಡಿಗೇ ಬಂದು ಹೇಳಿದಳು. ಅಪ್ಪ ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಲ್ಲಿ ಅದುಮಿ ಹಿಡಿದಿದ್ದವನು ಹಾಗೇ ಹಿಡಿದುಕೊಂಡ. ಒಂದೇ ಕಡೆ ಗುಳ್ಳೆ ಏಳುತ್ತಲೇ ಇತ್ತು.

"ನನ್ನ ಬಾಯಿಂದಾನೇ ಆಯ್ತು," ಎಂದ.

ನೀನು ಕೂಗಿದ್ದಕ್ಕಲ್ಲಪ್ಪ, ಇದು ಮೈಯಲ್ಲೇ ಇರೋದು ಎಂದು ಅವಳು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ.

ಸಂಜೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಪ್ಪ ಬಾಗಿಲಿಗೆ ಬಂದು "ಬಾಮ್ಮ, ಊಟ ಮಾಡು" ಎಂದ. ಅವಳು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬರದ ಮಾತು. ಡಾಕ್ಟರಮ್ಮನ ಮುಂದೆ ಬರದ ಅಳು ಈಗ ಒತ್ತರಿಸಿಕೊಂಡು ಬಂತು.

"ಯಾವಾಗಲೂ ಕರೆಯೋ ಥರ ಕರಿಯಪ್ಪ."

ಅಪ್ಪ ಬಾಯಿ ತೆರೆದ. ಪಕ್ಕದ ಮನೆಯ ಕಡೆ ನೋಡಿ, ಹೋಗಿ ಕಿಟಕಿ ಹಾಕಿ ಬಂದ. ಇನ್ನು ಯಾರಿಗೂ ಕೇಳುವುದಿಲ್ಲ, ಈಗ ಕರೆಯುತ್ತಾನೆ ಎಂದು ಅವಳು ಎದ್ದು ಕುಳಿತಳು.

"ಬಾಮ್ಮ," ಎಂದ ಅಪ್ಪ, "ಊಟ ಆರಿಹೋಗ್ತದೆ."